ಸಹಾಯ ಬೇಕು: ಇಂಟರ್ವಲ್ ಓಟದಲ್ಲಿ ಮಕ್ಕಳ ಶ್ರಮ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಸವನಗುಡಿ ಕಡೆ ಒಂದು ಶಾಲೆಯಲ್ಲಿ ಪಿಟಿ ಮಾಸ್ತರು ನಾನು. ಎಂಟನೇ ಕ್ಲಾಸಿನ 46 ಮಕ್ಕಳಿಗೆ 30 ಸೆಕೆಂಡ್ ಜೋರು ಓಟ, 30 ಸೆಕೆಂಡ್ ನಡಿಗೆ, ಹೀಗೆ 8 ಸುತ್ತು ಮಾಡಿಸ್ತಿದೀನಿ. ಯಾರಿಗೆ ಎಷ್ಟು ಶ್ರಮ ಆಗ್ತಿದೆ ಅನ್ನೋದೇ ಗೊತ್ತಾಗ್ತಿಲ್ಲ.

ಎದೆಬಡಿತದ ಬೆಲ್ಟ್ ಕೊಳ್ಳೋಕೆ ಶಾಲೇಲಿ ದುಡ್ಡಿಲ್ಲ. ಕತ್ತಿನ ಹತ್ರ ಬೆರಳಿಟ್ಟು 10 ಸೆಕೆಂಡ್ ಎಣಿಸಿ, ಆರರಿಂದ ಗುಣಿಸಿ ಅಂದೆ. ಮೊನ್ನೆ ಒಬ್ಬಳು ಹುಡುಗಿ ಮುಖ ಕೆಂಪಗೆ, ಬೆವರು ಗಲ್ಲದಿಂದ ತೊಟ್ಟಿಕ್ತಾ ಇದೆ, "ಸಾರ್, ಹನ್ನೊಂದು" ಅಂದಳು. ಅಂದ್ರೆ 66! ಒಂದು ಬಡಿತ ತಪ್ಪಿದ್ರೂ ಲೆಕ್ಕದಲ್ಲಿ 6 ವ್ಯತ್ಯಾಸ ಬರುತ್ತೆ. ಅದೂ ಅಲ್ದೆ ನಿಂತ ತಕ್ಷಣ ಬಡಿತ ಇಳಿಯೋಕೆ ಶುರು, ಮೊದಲ ಸುತ್ತುಗಳಲ್ಲಿ ಪೂರ್ತಿ ಏರಿರೋದೂ ಇಲ್ಲ.

ಗರಿಷ್ಠ ಬಡಿತಕ್ಕೆ 220ರಿಂದ ವಯಸ್ಸು ಕಳೆದ್ರೆ 13ಕ್ಕೆ 207, 208ರಿಂದ ವಯಸ್ಸಿನ 0.7 ಪಟ್ಟು ಕಳೆದ್ರೆ 199; ಯಾವುದನ್ನ ನಂಬೋದೋ ಗೊತ್ತಿಲ್ಲ. ಎಷ್ಟು ಶ್ರಮ ಅನ್ನಿಸ್ತಿದೆ ಅಂತ ನಂಬರಲ್ಲಿ ಹೇಳೋ ಬೋರ್ಗ್ ಅವರ 6ರಿಂದ 20ರ ಅಳತೆ ತೋರಿಸಿದ್ರೆ ಮಕ್ಕಳು ಪಕ್ಕದವರನ್ನ ನೋಡಿ ಅದೇ ನಂಬರ್ ಹೇಳ್ತಾರೆ. ಸುಸ್ತಾದ ಮಗುವನ್ನ ಗೊತ್ತಿಲ್ದೆ ಇನ್ನೂ ಓಡಿಸಿಬಿಡ್ತೀನೇನೋ ಅನ್ನೋ ಭಯ ನನಗೆ.

ದೊಡ್ಡ ಕ್ಲಾಸಲ್ಲಿ ಇದನ್ನ ಮಾಡಿ ನೋಡಿದವರು ಹೇಳಿ: ಚಿತ್ರ ನೋಡಿ ಶ್ರಮ ಹೇಳೋ 0ರಿಂದ 10ರ ಅಳತೆ ಸಾಕಾ, ನಾಡಿಯನ್ನೂ ಎಣಿಸಬೇಕಾ? ಕೇಳೋದು ಪ್ರತಿ ಸುತ್ತಿಗಾ, ಕೊನೇಲಿ ಒಂದೇ ಸಲನಾ?