ಪದಚರ್ಚೆ: ಅಸೆಂಬಲ್‌ಗೂ ‘ಜೋಡಿಸು’, ಲಿಂಕ್‌ಗೂ ‘ಜೋಡಿಸು’?

ಪ್ರಶ್ನೆ (ದಾವಣಗೆರೆಯಿಂದ)

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಗೆ ಬಂದವರಿಗಾಗಿ ಮೈಕ್ರೊಪ್ರೊಸೆಸರ್ ಲ್ಯಾಬಿನ ಕೈಪಿಡಿ ಸಿದ್ಧವಾಗುತ್ತಿದೆ. ಮೊದಲ ಭಾಗ 8085 ಪ್ರೊಸೆಸರಿನ ಅಭ್ಯಾಸ ಕಿಟ್, ಎರಡನೆಯದು ಲಿನಕ್ಸ್ ಮೇಲೆ ನಾಸ್ಮ್ ಎಂಬ ಅಸೆಂಬ್ಲರ್. ಕರಡಿನಲ್ಲಿ ಅಸೆಂಬಲ್ ಮಾಡುವುದಕ್ಕೂ (ಬರೆದ ಆಜ್ಞೆಗಳನ್ನು ಯಂತ್ರದ ಸಂಕೇತಕ್ಕೆ ತರುವುದು) ಲಿಂಕ್ ಮಾಡುವುದಕ್ಕೂ (ಹಾಗೆ ಬಂದ ತುಣುಕುಗಳನ್ನು ಸೇರಿಸಿ ಒಂದು ಪ್ರೋಗ್ರಾಂ ಮಾಡುವುದು) ‘ಜೋಡಿಸು’ ಎಂದೇ ಇದೆ. ‘ಜೋಡಿಸುವಾಗ ಎರರ್ ಬಂತು’ ಎಂದರೆ ಯಾವ ಹಂತದ್ದು ಅಂತ ತಿಳಿಯುವುದಿಲ್ಲ. ‘ಕೂಡಿಸು’ ಅನ್ನೋಣವೆಂದರೆ ಅದು ಎಡಿಡಿ ಆಜ್ಞೆಗೇ ಬೇಕು. ರನ್‌ಗೆ ‘ಕಾರ್ಯಗತಗೊಳಿಸು’ ಎಂದಿದೆ; ಲ್ಯಾಬಿನಲ್ಲಿ ಯಾರ ಬಾಯಲ್ಲೂ ಕೇಳದ ಮಾತು. ಬಲ್ಲವರು ತಿಳಿಸಬೇಕು.

ಉತ್ತರ (ಚಿತ್ರದುರ್ಗದಿಂದ)

ಸರ್, ‘ಜೋಡಿಸು’ವನ್ನು ಲಿಂಕ್‌ಗೆ ಬಿಟ್ಟುಕೊಡಿ. 1951ರಲ್ಲಿ ಕೇಂಬ್ರಿಜ್‌ನ ವಿಲ್ಕ್ಸ್, ವೀಲರ್, ಗಿಲ್ ಅಸೆಂಬ್ಲರ್ ಎಂದು ಕರೆದದ್ದು ಬಿಡಿ ಭಾಗಗಳನ್ನು ಸೇರಿಸಿ ಒಂದು ಪ್ರೋಗ್ರಾಂ ಮಾಡುವ ಪ್ರೋಗ್ರಾಮನ್ನು. ಆ ಕೆಲಸ ಈಗ ಲಿಂಕರಿನ ಪಾಲು. ಅಸೆಂಬ್ಲರಿನದು ಮುಖ್ಯವಾಗಿ ಆಜ್ಞೆಗೆ ತಕ್ಕ ಆಪ್‌ಕೋಡ್ (ಯಂತ್ರಕ್ಕೆ ತಿಳಿಯುವ ಸಂಕೇತ) ಹಾಕುವ, ಲೇಬಲ್‌ಗಳ (ಸಾಲುಗಳಿಗೆ ಇಟ್ಟ ಹೆಸರುಗಳ) ವಿಳಾಸ ಲೆಕ್ಕ ಹಾಕುವ ಕೆಲಸ.

ಕಿಟ್ಟಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕೀಪ್ಯಾಡಿನ ಸಾದಾ ಕಿಟ್ಟಿನಲ್ಲಿ ವಿದ್ಯಾರ್ಥಿಯೇ ಅಸೆಂಬ್ಲರ್. 5ಕ್ಕೆ 3 ಕೂಡಿಸಿ 2050ನೇ ವಿಳಾಸದಲ್ಲಿ ಇಡುವ ಪ್ರೋಗ್ರಾಂ ನೋಡಿ, ಕೋಡು, ವಿಳಾಸ ಎಲ್ಲ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ). ‘ಎಂವಿಐ ಎ, 05’ಕ್ಕೆ 3ಇ 05, ‘ಎಂವಿಐ ಬಿ, 03’ಕ್ಕೆ 06 03, ‘ಎಡಿಡಿ ಬಿ’ಗೆ 80, ‘ಎಸ್‌ಟಿಎ 2050’ಕ್ಕೆ 32 50 20, ನಿಲ್ಲಿಸುವ ‘ಎಚ್‌ಎಲ್‌ಟಿ’ಗೆ 76. ಒಟ್ಟು ಒಂಬತ್ತು ಬೈಟ್. 2000ದಿಂದ ಹೊಡೆದರೆ 2008ಕ್ಕೆ ಮುಗಿಯುತ್ತದೆ. ರ‍್ಯಾಮ್ ಎಲ್ಲಿಂದ ಶುರು ಎಂಬುದು ಕಿಟ್ಟಿನಿಂದ ಕಿಟ್ಟಿಗೆ ಬೇರೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಓಡಿಸಿದ ಮೇಲೆ ರಿಸೆಟ್ ಒತ್ತಿ 2050 ತೆಗೆದರೆ 08 ಇರಬೇಕು.

ಎಡವುವುದು ಹೆಚ್ಚಾಗಿ 32ರ ಮುಂದೆ. ವಿಳಾಸದ ಕೆಳಬೈಟ್ ಮೊದಲು, ಮೇಲ್ಬೈಟ್ ಆಮೇಲೆ. 32 20 50 ಎಂದು ಹೊಡೆದರೆ ಉತ್ತರ 5020ಕ್ಕೆ ಹೋಗುತ್ತದೆ. ಅಲ್ಲಿ ರ‍್ಯಾಮ್ ಇಲ್ಲದಿದ್ದರೆ ಹೋದದ್ದು ಹೋದಂತೆ. 2050ರಲ್ಲಿ ಹಳೆಯ ಕಸ ಹಾಗೇ ಕೂತಿರುತ್ತದೆ, ಕಿಟ್ ತುಟಿ ಬಿಚ್ಚುವುದಿಲ್ಲ. ಕೈಪಿಡಿಯಲ್ಲಿ ಈ ಮೂರು ಬೈಟನ್ನು ದಪ್ಪಕ್ಷರದಲ್ಲಿ ಹಾಕಿಸಿ.

ಹಾಗಾಗಿ ಮೊದಲ ಭಾಗಕ್ಕೆ ‘ಆಪ್‌ಕೋಡ್ ಹಾಕು’ ಎಂದರೆ ಸಾಕು, ಲ್ಯಾಬಿನ ಮಾತೂ ಅದೇ. ‘ಕೋಡಿಗಿಳಿಸು’ ಮಾತ್ರ ಬೇಡ. ನಮ್ಮ ಕಡೆಯವರಿಗೆ ಕೆರೆಕೋಡಿಯೇ ಕಣ್ಣ ಮುಂದೆ ಬರುತ್ತದೆ.

ನಾಸ್ಮ್ ಭಾಗಕ್ಕೆ ‘ಅಸೆಂಬಲ್ ಮಾಡು’, ‘ಜೋಡಿಸು’, ‘ಓಡಿಸು’ ಎಂದು ಮೂರು ಮಾತು ಇಟ್ಟುಕೊಳ್ಳಿ. ಯಾವ ತಪ್ಪು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದಕ್ಕೆ ಈ ವಿಂಗಡಣೆ ಬೇಕೇ ಬೇಕು. ಲೇಬಲ್‌ನ ಕಾಗುಣಿತ ತಪ್ಪಿದರೆ ನಾಸ್ಮ್ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ, ಜೋಡಿಸಲು ಬೇಕಾದ ಆಬ್ಜೆಕ್ಟ್ ಫೈಲೇ ಹುಟ್ಟುವುದಿಲ್ಲ. ತೆರೆಗೆ ಬರೆಯುವ ಪ್ರಿಂಟ್‌ಎಫ್ ಹೊರಗಿನಿಂದ ಬರುತ್ತದೆಂದು ‘ಎಕ್ಸ್‌ಟರ್ನ್’ ಬರೆದು ಲೈಬ್ರರಿ ಕೊಡದಿದ್ದರೆ ನಾಸ್ಮ್ ಸುಮ್ಮನೆ ಬಿಡುತ್ತದೆ. ಜೋಡಿಸುವ ಎಲ್‌ಡಿ ತಗಾದೆ ತೆಗೆಯುತ್ತದೆ. ಕೊನೆಯಲ್ಲಿ ಪ್ರೋಗ್ರಾಂ ಮುಗಿಸುವ ಎಕ್ಸಿಟ್ ಕರೆ ಮರೆತರೆ ಇಬ್ಬರೂ ಒಪ್ಪಿಬಿಡುತ್ತಾರೆ, ಓಡಿಸಿದಾಗ ‘ಸೆಗ್ಮೆಂಟೇಶನ್ ಫಾಲ್ಟ್’. ಎಚ್‌ಎಲ್‌ಟಿ ರೂಢಿಯಾದವರು ಅದನ್ನೇ ಇಲ್ಲೂ ಹಾಕಲು ಹೋಗುತ್ತಾರೆ. 64 ಬಿಟ್ ಲಿನಕ್ಸ್‌ನಲ್ಲಿ ಆರ್‌ಎಎಕ್ಸ್ ರಿಜಿಸ್ಟರಿಗೆ 60 (ಎಕ್ಸಿಟ್‌ನ ಸಂಖ್ಯೆ), ಆರ್‌ಡಿಐಗೆ 0 ತುಂಬಿ ‘ಸಿಸ್‌ಕಾಲ್’ ಕೊಡಬೇಕು. ಪ್ರೊಸೆಸರನ್ನು ನಿಲ್ಲಿಸುವ ಹಕ್ಕು ಸಾಮಾನ್ಯ ಪ್ರೋಗ್ರಾಮಿಗೆ ಇಲ್ಲ.

‘ಕಾರ್ಯಗತಗೊಳಿಸು’ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಇರಲಿ. ‘ಓಡಿಸು’ ಗಾಡಿಗೆ ಹೇಳುವ ಮಾತು ಎಂದು ಯಾರಾದರೂ ಆಕ್ಷೇಪ ಎತ್ತಬಹುದು. ಮಿಲ್ಲಿನ ಮಷೀನನ್ನೂ ನಾವು ಓಡಿಸುತ್ತೇವಲ್ಲ. ರಿಜಿಸ್ಟರ್, ಲೇಬಲ್, ಸ್ಟ್ಯಾಕ್ ಇವುಗಳನ್ನು ಕನ್ನಡಕ್ಕೆ ತರಲು ಹೋಗಬೇಡಿ.