ಲಾರಿ ಕ್ಯಾಬಿನ್‌ಗೆ ನಿದ್ದೆ ಪತ್ತೆ ಹಚ್ಚುವ ಕ್ಯಾಮೆರಾ: ದುಡ್ಡು ಹಾಕಬಹುದಾ?

ಟ್ರಿಪ್‌ಶೀಟ್:
ನಮ್ಮದು ಸಣ್ಣ ಟ್ರಾನ್ಸ್‌ಪೋರ್ಟ್, ರಾತ್ರಿ ಓಡುವ ಗಾಡಿಗಳೇ ಜಾಸ್ತಿ. ಡ್ರೈವರ್ ಕಣ್ಣು ಮುಚ್ಚಿದರೆ ಕೂಗಿಕೊಳ್ಳುವ ಕ್ಯಾಮೆರಾ ಹಾಕಿಸಿ ಅಂತ ಮಾರುವವರು ಬೆನ್ನು ಬಿದ್ದಿದ್ದಾರೆ. ನಮ್ಮ ಡ್ರೈವರ್‌ಗಳಿಗೆ ಸುತರಾಂ ಇಷ್ಟವಿಲ್ಲ, ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಅಂತ ಮುಖ ಊದಿಸಿಕೊಂಡಿದ್ದಾರೆ. ಕತ್ತಲಲ್ಲಿ ಇದು ಕೆಲಸ ಮಾಡುತ್ತಾ? ಕನ್ನಡಕ ಹಾಕುವವರಿಗೆ? ‘ಡ್ರೈವರ್ ಚೆನ್ನಾಗಿ ನಿದ್ದೆ ಮಾಡಲಿ’ ಅಂತ ಸುಮ್ನೆ ಬರೆಯಬೇಡಿ, ಅದು ಗೊತ್ತು. ಮಾಡಿದ್ದಾನೋ ಇಲ್ವೋ ಅಂತ ನೋಡುವುದು ಹೇಗೆ ಅನ್ನುವುದೇ ನನ್ನ ತಲೆನೋವು.

ವೈರಿಂಗ್‌ಕಿಟ್:
ಕತ್ತಲು ಸಮಸ್ಯೆಯೇ ಅಲ್ಲ. ಈ ಕ್ಯಾಮೆರಾಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತವೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮಾಮೂಲಿ ಕನ್ನಡಕಕ್ಕೂ ಸಾಮಾನ್ಯವಾಗಿ ತೊಂದರೆ ಇಲ್ಲ. ಕೆಲವು ಕೂಲಿಂಗ್ ಗ್ಲಾಸ್ ಮಾತ್ರ ಆ ಬೆಳಕನ್ನು ತಡೆಯುತ್ತವೆ, ಹಾಗಾಗಿ ನಿಮ್ಮ ಡ್ರೈವರ್ ಹಾಕುವ ಗ್ಲಾಸನ್ನೇ ಹಾಕಿಸಿ ಪರೀಕ್ಷೆ ಮಾಡಿ.

ಕೇಳಬೇಕಾದ ಇನ್ನೊಂದು ವಿಷಯ, ಅದು ನಿದ್ದೆಯನ್ನು ಹೇಗೆ ಲೆಕ್ಕ ಹಾಕುತ್ತದೆ ಅನ್ನುವುದು. ಪರ್‌ಕ್ಲೋಸ್ ಅಂತ ಒಂದು ಅಳತೆ ಇದೆ: ರೆಪ್ಪೆ 80% ಅಥವಾ ಅದಕ್ಕಿಂತ ಜಾಸ್ತಿ ಮುಚ್ಚಿದ್ದ ಹೊತ್ತು ಒಟ್ಟು ಸಮಯದಲ್ಲಿ ಎಷ್ಟು ಪಾಲು ಅಂತ ನೋಡುವುದು. ಬರೀ ಕಣ್ಣು ಮಿಟುಕಿಸಿದರೆ, ಮೀಟರ್ ಕಡೆ ತಲೆ ಬಗ್ಗಿಸಿದರೆ ಎಲ್ಲಾ ಕೂಗುವ ಅಗ್ಗದ ಮಾಲೂ ಇದೆ, ಅದನ್ನು ಹಾಕಿದರೆ ಮಾರನೇ ದಿನವೇ ಲೆನ್ಸ್ ಮೇಲೆ ಟೇಪ್ ಬಿದ್ದಿರುತ್ತದೆ. ಮುಖ ನೋಡದೆ ಸ್ಟೇರಿಂಗ್ ಮಾತ್ರ ಗಮನಿಸುವ ವ್ಯವಸ್ಥೆಯೂ ಇದೆ. ಎಚ್ಚರ ಇರುವವನ ಕೈ ಸ್ಟೇರಿಂಗನ್ನು ಸಣ್ಣದಾಗಿ ಅತ್ತಿತ್ತ ಸರಿ ಮಾಡುತ್ತಲೇ ಇರುತ್ತದೆ. ತೂಕಡಿಸುವವನ ಕೈ ಸ್ವಲ್ಪ ಹೊತ್ತು ಸುಮ್ಮನಾಗಿ ಆಮೇಲೆ ತಟ್ಟನೆ ಎಳೆಯುತ್ತದೆ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಗಾಡಿಗಳಿಗೆ ತೂಕಡಿಕೆ ಎಚ್ಚರಿಕೆ ಕಡ್ಡಾಯ.

ಹದಿನಾಲ್ಕುಚಕ್ರ:
ಸಾರ್, ನಾನು ಡ್ರೈವರ್. ಕ್ಯಾಮೆರಾ ಹಾಕಿ, ಬೇಡ ಅನ್ನಲ್ಲ. ಆದರೆ ಅದು ಕೂಗುವುದು ನಿದ್ದೆ ಬಂದ ಮೇಲೆ. 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಹೋಗ್ತೀವಿ, ನಾಲ್ಕು ಸೆಕೆಂಡ್ ಕಣ್ಣು ಹೋದರೆ ಹತ್ತಿರ ಹತ್ತಿರ 90 ಮೀಟರ್ ಗಾಡಿ ತಾನೇ ಓಡಿರುತ್ತದೆ.

ನಿದ್ದೆ ಎಲ್ಲಿ ಹೋಗುತ್ತದೆ ಅಂತ ನೋಡಬೇಕಾದರೆ ಲೋಡಿಂಗ್ ಗೇಟ್ ಹತ್ತಿರ ಬನ್ನಿ. ಹಗಲೆಲ್ಲಾ ಸಾಲಿನಲ್ಲಿ ನಿಂತಿರುತ್ತೇವೆ, ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಯಾರೋ ಬಾಗಿಲು ಬಡಿದು ‘ಗಾಡಿ ಮುಂದಕ್ಕೆ ತಗೋ’ ಅಂತಾರೆ, ಒಂದು ಗಾಡಿಯಷ್ಟು ಮುಂದೆ ಹೋಗಿ ಮತ್ತೆ ನಿಲ್ಲು, ಮತ್ತೆ ಬಾಗಿಲು ಬಡಿ. ಮಾಲೀಕರ ಲೆಕ್ಕದಲ್ಲಿ ಅದೆಲ್ಲಾ ರೆಸ್ಟು! ಸಂಜೆ ಬಿಲ್ಲು ಕೈಗೆ ಕೊಟ್ಟು ಬೆಳಿಗ್ಗೆ ಅಲ್ಲಿರಬೇಕು ಅಂತಾರೆ. ಮೂರು ಗಂಟೆ ರಾತ್ರಿಗೆ ನಿಮ್ಮ ಕ್ಯಾಮೆರಾ ಕೂಗಿದರೆ ನಾನು ಗಾಡಿ ಸೈಡಿಗೆ ಹಾಕಬಹುದಾ? ಲೇಟಾಯ್ತು ಅಂತ ದುಡ್ಡು ಹಿಡಿದುಕೊಂಡರೆ ಯಾವನೂ ನಿಲ್ಲಿಸಲ್ಲ. ಕಿಟಕಿ ಇಳಿಸಿ, ಹಾಡು ಜೋರು ಮಾಡಿ ಹೋಗ್ತಾ ಇರ್ತಾನೆ, ಅದರಿಂದ ನಿದ್ದೆ ಹೋಗಲ್ಲ ಅಂತ ಅವನಿಗೂ ಗೊತ್ತು.

ರಾತ್ರಿಪಾಳಿ:
ಮೇಲಿನವರು ಹೇಳಿದ್ದೇ ಅಸಲು ವಿಷಯ. ಅಮೆರಿಕದಲ್ಲಿ ಸರಕು ಲಾರಿಯವರಿಗೆ 11 ಗಂಟೆ ಡ್ರೈವಿಂಗ್ ಮಿತಿ ಇದೆ, ಜೊತೆಗೆ ಕೆಲಸ ಶುರುವಾದ 14 ಗಂಟೆಯ ನಂತರ ಓಡಿಸುವ ಹಾಗಿಲ್ಲ, ಗೇಟಿನಲ್ಲಿ ಕಾದದ್ದೂ ಸಾಮಾನ್ಯವಾಗಿ ಆ 14ರೊಳಗೇ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬ್ರೇಕ್. ನೀವು ಕಿಲೋಮೀಟರ್ ಲೆಕ್ಕ ಬಿಟ್ಟು, ಅವನು ಎದ್ದು ಎಷ್ಟು ಹೊತ್ತಾಯಿತು ಅಂತ ಕೇಳಿ. 17 ಗಂಟೆ ಎದ್ದಿರುವವನ ಚುರುಕು, ರಕ್ತದಲ್ಲಿ 0.05% ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿದಿರುತ್ತದೆ.

ಅಲರ್ಟ್ ಬಂದರೆ ಡ್ರೈವರ್‌ಗೆ ಬೈಯಬೇಡಿ, ಟ್ರಿಪ್ ನೋಡಿ. ರಾತ್ರಿ 2ರಿಂದ 6ರ ನಡುವೆ ಎಲ್ಲರಿಗೂ ಬರುತ್ತಿದ್ದರೆ ಹೊರಡುವ ಟೈಮ್ ಬದಲಿಸಿ. ಒಬ್ಬನಿಗೇ, ಅದೂ ಚೆನ್ನಾಗಿ ಮಲಗಿ ಎದ್ದ ದಿನವೂ ಹಗಲಲ್ಲಿ ಬರುತ್ತಿದ್ದರೆ, ಗೊರಕೆ ಜೋರಾ ಅಂತ ವಿಚಾರಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ದಾರಿಯಲ್ಲಿ ತೀರಾ ತಡೆಯದಿದ್ದರೆ ಕಾಫಿ ಕುಡಿದು ತಕ್ಷಣ 15–20 ನಿಮಿಷ ಮಲಗಲಿ. ಕಾಫಿ ಹತ್ತಲು ಸುಮಾರು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಸರಿ ಹೋಗುತ್ತದೆ. ಎದ್ದ ಕೂಡಲೇ ಕೀ ತಿರುಗಿಸಬಾರದು, ಮಂಪರು ಇಳಿಯುವವರೆಗೆ ಗಾಡಿ ಸುತ್ತ ನಡೆದು ಟೈರ್ ನೋಡಿಕೊಂಡು ಬರಲಿ. ಇದು ಒಂದು ರಾತ್ರಿಯ ನಿದ್ದೆಗೆ ಬದಲಿ ಅಲ್ಲ ಮತ್ತೆ.

ಟ್ರಿಪ್‌ಶೀಟ್:
ಗೇಟಿನಲ್ಲಿ ಕಾದ ಹೊತ್ತನ್ನು ನಾವು ಎಲ್ಲೂ ಬರೆಯುವುದೇ ಇಲ್ಲ, ಮೊದಲು ಅದಕ್ಕೊಂದು ಕಾಲಂ ಹಾಕ್ತೀನಿ. ಅಲರ್ಟ್ ಬಂದು ನಿಲ್ಲಿಸಿದರೆ ದುಡ್ಡು ಹಿಡಿಯಲ್ಲ ಅಂತ ಬರೆದೂ ಕೊಡಬಹುದು. ವಿಡಿಯೊ ಯಾರ ಕೈಗೆ ಹೋಗುತ್ತದೆ? ಡ್ರೈವರ್‌ಗಳ ಮುಖ್ಯ ತಕರಾರು ಅದೇ.

ವೈರಿಂಗ್‌ಕಿಟ್:
ಸೆಟ್ಟಿಂಗ್ ಮೇಲೆ ಹೋಗುತ್ತದೆ. ಅಲರ್ಟ್ ಆದಾಗಿನ ಕೆಲವೇ ಸೆಕೆಂಡ್ ಉಳಿಸಿ, ಮೈಕ್ ಆಫ್ ಇಡಿ, ಗಾಡಿ ನಿಂತಾಗ ರೆಕಾರ್ಡ್ ಆಗದ ಹಾಗೆ ಮಾಡಿ. ಅವನು ಮಲಗುವುದೂ ಅದೇ ಕ್ಯಾಬಿನ್‌ನಲ್ಲಿ ಅಲ್ವಾ. ಇದೆಲ್ಲಾ ಆಗುತ್ತಾ ಅಂತ ಮಾರುವವರ ಹತ್ತಿರ ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ.