ಕ್ಯೂಎಮುವಿನ ಮೆಮೊರಿ ಸೋರಿಕೆಯನ್ನು ಭದ್ರತಾ ದೋಷವೆಂದು ಏಕೆ ಪರಿಗಣಿಸಬೇಕು?

ಪ್ರಶ್ನೆ

ನಾವು ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೀಕರಣ ಸೌಲಭ್ಯ) ಆಧಾರಿತ ಹೋಸ್ಟ್‌ಗಳಲ್ಲಿ, ಅಂದರೆ ಭೌತಿಕ ಸರ್ವರ್‌ಗಳಲ್ಲಿ, ಹಲವು ಗ್ರಾಹಕರ ವರ್ಚುವಲ್ ಯಂತ್ರಗಳನ್ನು (ಗೆಸ್ಟ್‌ಗಳನ್ನು) ಕ್ಯೂಎಮು ಎಂಬ ತಂತ್ರಾಂಶದ ಮೂಲಕ ನಡೆಸುತ್ತಿದ್ದೇವೆ. ಹಳೆಯ ಭದ್ರತಾ ಸೂಚನೆಗಳನ್ನು ಪರಿಶೀಲಿಸುವಾಗ ಸಿವಿಇ-2016-8577 (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಕಣ್ಣಿಗೆ ಬಿತ್ತು. ಗೆಸ್ಟ್‌ನೊಂದಿಗೆ ಕಡತಗಳನ್ನು ಹಂಚಿಕೊಳ್ಳುವ, ಕ್ಯೂಎಮುವಿನ 9ಪಿಎಫ್‌ಎಸ್ ಭಾಗದಲ್ಲಿ ಮೆಮೊರಿ ಸೋರಿಕೆಯಿತ್ತೆಂದು ಅದರಲ್ಲಿದೆ. ಇಂತಹ ದೋಷದಿಂದ ಒಬ್ಬ ಗ್ರಾಹಕರ ಮಾಹಿತಿ ಇನ್ನೊಬ್ಬರ ಕೈ ಸೇರಬಹುದೇ?

ಉತ್ತರ 1

ಇಲ್ಲ. ‘ಸೋರಿಕೆ’ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಸೋರುವುದು ಮಾಹಿತಿಯಲ್ಲ, ಹೋಸ್ಟ್‌ನ ಮೆಮೊರಿ. ಗೆಸ್ಟ್ ಕಳುಹಿಸುವ ಓದುವ ಕೋರಿಕೆಗಾಗಿ ಕ್ಯೂಎಮು ಪಡೆದ ಮೆಮೊರಿಯನ್ನು ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತಿರಲಿಲ್ಲ. ವರ್ಚುವಲ್ ಯಂತ್ರಕ್ಕೆ ನೀವು ನಿಗದಿಪಡಿಸಿದ ರ‍್ಯಾಮ್ ಮಿತಿ ಗೆಸ್ಟ್‌ಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಕ್ಯೂಎಮು ತನ್ನ ಸ್ವಂತ ಕೆಲಸಕ್ಕೆಂದು ಪಡೆಯುವ ಮೆಮೊರಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಗೆಸ್ಟ್‌ನೊಳಗೆ ರೂಟ್ (ಪೂರ್ಣ ಆಡಳಿತ) ಅಧಿಕಾರವಿರುವವರು ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳುಹಿಸಿ ಹೋಸ್ಟ್‌ನಲ್ಲಿ ಆ ಯಂತ್ರವನ್ನು ನಡೆಸುವ ಕ್ಯೂಎಮು ಪ್ರೊಸೆಸ್ ಊದಿಕೊಳ್ಳುತ್ತಲೇ ಇರುವಂತೆ ಮಾಡಬಹುದು. ನಂಬಲಾಗದವರ ಕೈಯಲ್ಲಿ ನಲ್ಲಿಯ ಹಿಡಿ ಇರುವುದರಿಂದಲೇ ಇದು ಭದ್ರತಾ ದೋಷ. ಅದೇ ವರ್ಷದ ಸಿವಿಇ-2016-9101 ಮತ್ತು ಸಿವಿಇ-2016-7466 ಕೂಡ ಇದೇ ಜಾತಿಯವು: ಮೊದಲನೆಯದರಲ್ಲಿ ನೆಟ್‌ವರ್ಕ್ ಕಾರ್ಡನ್ನು, ಎರಡನೆಯದರಲ್ಲಿ ಯುಎಸ್‌ಬಿ ಸಾಧನವನ್ನು ಪದೇ ಪದೇ ಕಳಚಿದಾಗ ಮೆಮೊರಿ ಸೋರುತ್ತಿತ್ತು.

ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಹೋಸ್ಟ್‌ನಲ್ಲಿ ಮೆಮೊರಿ ಬರಿದಾದಾಗ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಬಳಸುತ್ತಿರುವ ಪ್ರೊಸೆಸನ್ನು ಕೊಲ್ಲುತ್ತದೆ; ಸೋರುತ್ತಿರುವುದು ಯಾವುದೆಂದು ಅದು ನೋಡುವುದಿಲ್ಲ. ಹೀಗಾಗಿ ಚಿಕ್ಕ ಗೆಸ್ಟ್ ಒಂದು ಮಾಡಿದ ಕಿತಾಪತಿಗೆ, ಪಕ್ಕದಲ್ಲಿರುವ ದೊಡ್ಡ ಡೇಟಾಬೇಸ್ ಯಂತ್ರ ಬಲಿಯಾಗಬಹುದು. ಸಿಗ್ರೂಪ್ (ಪ್ರೊಸೆಸ್‌ಗಳ ಸಂಪನ್ಮೂಲ ಬಳಕೆಗೆ ಮಿತಿ ಹಾಕುವ ಲಿನಕ್ಸ್ ಸೌಲಭ್ಯ) ಮೂಲಕ ಪ್ರತಿ ಪ್ರೊಸೆಸ್‌ಗೂ ಮಿತಿ ಹಾಕಿದರೆ ಹಾನಿ ತಪ್ಪಿತಸ್ಥನಿಗೇ ಸೀಮಿತವಾಗುತ್ತದೆ. ಆದರೆ ಕ್ಯೂಎಮುವಿಗೆ ಹೆಚ್ಚುವರಿಯಾಗಿ ಎಷ್ಟು ಮೆಮೊರಿ ಬೇಕೆಂದು ಮುಂಚಿತವಾಗಿ ಹೇಳುವುದು ಕಷ್ಟ; ಮಿತಿಯನ್ನು ತೀರಾ ಬಿಗಿ ಮಾಡಿದರೆ ಆರೋಗ್ಯವಾಗಿರುವ ಯಂತ್ರವೂ ಸಾಯುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹೋಸ್ಟ್‌ಗಳಲ್ಲಿ ಹೊಸ ಪ್ಯಾಕೇಜ್ ಅಳವಡಿಸಿ, ಗೆಸ್ಟ್‌ಗಳನ್ನು ಒಳಗಿನಿಂದಲೇ ರೀಬೂಟ್ ಮಾಡಿಸಿದ್ದೇವೆ. ಅಷ್ಟು ಸಾಕೇ?

ಉತ್ತರ 1

ಸಾಲದು. ಒಳಗಿನಿಂದ ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಹೋಸ್ಟ್‌ನಲ್ಲಿ ಅದೇ ಹಳೆಯ ಪ್ರೊಸೆಸ್ ಮುಂದುವರಿಯುತ್ತದೆ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಚಾಲೂ ಮಾಡಬೇಕು, ಇಲ್ಲವೇ ಹೊಸ ಆವೃತ್ತಿಯಿರುವ ಹೋಸ್ಟ್‌ಗೆ ಲೈವ್ ಮೈಗ್ರೇಷನ್ (ಓಡುತ್ತಿರುವಂತೆಯೇ ಸ್ಥಳಾಂತರ) ಮಾಡಬೇಕು. ಖಚಿತಪಡಿಸಿಕೊಳ್ಳಲು, ಓಡುತ್ತಿರುವ ಪ್ರೊಸೆಸ್‌ಗಳ ವಿವರ ತೋರಿಸುವ ಪ್ರೊಕ್ (/proc) ಕಡತವ್ಯವಸ್ಥೆಯಲ್ಲಿ ಆ ಪ್ರೊಸೆಸ್‌ನ ಬೈನರಿಯ (ಪ್ರೋಗ್ರಾಂ ಕಡತದ) ಕೊಂಡಿಯನ್ನು ನೋಡಿ. ಅದರ ಮುಂದೆ ‘ಡಿಲೀಟೆಡ್’ ಎಂದಿದ್ದರೆ ಹಳೆಯ ಕೋಡೇ ಇನ್ನೂ ಓಡುತ್ತಿದೆ.